ಸುಮ್ಮನೆ ನಿಂತು ನೋಡುವವರು

ಸ್ವೀಡನ್ನಿನ ರಾಯ್ ಆಂಡರ್ಸನ್ 1970ರಲ್ಲಿ ಮಾಡಿದ ಮೊದಲ ಸಿನಿಮಾ, ಒಂದು ಹರೆಯದ ಪ್ರೇಮಕಥೆ, ಚೆನ್ನಾಗಿ ಓಡಿತು. 1975ರಲ್ಲಿ ಬಂದ ಎರಡನೆಯದು ಮಕಾಡೆ ಮಲಗಿತು. ಮೂರನೆಯದಕ್ಕೆ ಬರೋಬ್ಬರಿ 25 ವರ್ಷ ಹಿಡೀತು! ಅಲ್ಲೀತನಕ ಹೊಟ್ಟೆಪಾಡಿಗೆ ಜಾಹೀರಾತು. 1981ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 'ಸ್ಟುಡಿಯೋ 24' ಅಂತ ಸ್ವಂತ ಸ್ಟುಡಿಯೋ ಮಾಡಿಕೊಂಡ. ಅಲ್ಲಾಡದ ಕ್ಯಾಮೆರಾ, ಕತ್ತರಿ ಬೀಳದ ದೃಶ್ಯ, ಸುಣ್ಣ ಬಳಿದಂಥ ಮುಖಗಳು: ಈ ಶೈಲಿ ಪಳಗಿದ್ದು ಜಾಹೀರಾತುಗಳಲ್ಲೇ.

ಆದರೆ ಕ್ಯಾಮೆರಾ ಯಾಕೆ ಅಲ್ಲಾಡಲ್ಲ? 1991ರ ಕಿರುಚಿತ್ರ 'ವರ್ಲ್ಡ್ ಆಫ್ ಗ್ಲೋರಿ' ನೋಡಿ. ಬೆತ್ತಲೆ ಜನರನ್ನು ಲಾರಿಯೊಳಗೆ ತುಂಬಿ, ಅದರದೇ ಹೊಗೆಯನ್ನು ಒಳಗೆ ಬಿಡುತ್ತಾರೆ. ಸೂಟು ಹಾಕಿದವರು ಸುಮ್ಮನೆ ನಿಂತು ನೋಡುತ್ತಾರೆ. ಅವರಲ್ಲೊಬ್ಬ ಮೆಲ್ಲಗೆ ನಮ್ಮ ಕಡೆ ತಿರುಗುತ್ತಾನೆ. ಆಮೇಲೆ ಅವನೇ ತನ್ನ ಸಂಸಾರ, ಮನೆ, ಕೆಲಸ ಎಲ್ಲವನ್ನೂ ನಮಗೆ ತೋರಿಸುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ತಟಸ್ಥವಾಗಿತ್ತು ಅನ್ನೋದು ಇಲ್ಲಿ ನೆನಪಿರಲಿ.

ವೆನಿಸ್‌ನಲ್ಲಿ 2014ರ ಗೋಲ್ಡನ್ ಲಯನ್ ಗೆದ್ದ ಪಾರಿವಾಳದ ಹೆಸರಿನ ಸಿನಿಮಾದಲ್ಲಿ, ರಾಜ 12ನೇ ಚಾರ್ಲ್ಸ್ ಇವತ್ತಿನ ಬಾರ್‌ವೊಂದಕ್ಕೆ ಕುದುರೆ ಮೇಲೇ ಬರುತ್ತಾನೆ. ಹೊರಟಿದ್ದು ರಷ್ಯಾ ಗೆಲ್ಲೋಕೆ. 1709ರಲ್ಲಿ ಪೊಲ್ಟಾವಾದಲ್ಲಿ ಅವನ ಸೈನ್ಯ ಮಣ್ಣುಮುಕ್ಕಿತು. ಸೋತ ರಾಜ ಮತ್ತೆ ಬಾರ್‌ಗೆ ಬರುತ್ತಾನೆ. ಟಾಯ್ಲೆಟ್ಟಿಗೆ ಅವಸರ, ಒಳಗೆ ಬೇರೆ ಯಾರೋ ಇದ್ದಾರೆ!

ನಗು ಬಂದೇ ಬರುತ್ತೆ. ಆದರೆ ಬಾರಿನಲ್ಲಿ ಕೂತವರನ್ನೂ ಒಮ್ಮೆ ಗಮನಿಸಿ. ಚರಿತ್ರೆ ಎದುರಿಗೇ ಹಾದುಹೋಗುವಾಗ ನಾವೂ ಕೂರುವುದು ಹಾಗೇ ಅಲ್ವಾ?