ಯುದ್ಧಕ್ಕೆ ಬೇಕಾದ ಟಿಪ್ಪು

ಜಯನಗರದ ಅಂಚಿನ ಲಾಲ್‌ಬಾಗ್ ಹೈದರಾಲಿಯು ಆರಂಭಿಸಿ ಟಿಪ್ಪು ಸುಲ್ತಾನನು ಬೆಳೆಸಿದ ತೋಟವೆಂಬುದು ವಾಚಕರಿಗೆ ತಿಳಿದದ್ದೇ. ಈಸ್ಟ್ ಇಂಡಿಯಾ ಕಂಪನಿಯವರ ಬರವಣಿಗೆಯಲ್ಲಾದರೋ ಅವನು ಹುಟ್ಟಾ ಕ್ರೂರಿ, ಮತಾಂಧ. ಅಂತಹವನಿಂದ ಪ್ರಜೆಗಳನ್ನು ಬಿಡಿಸುವುದು ಪುಣ್ಯಕಾರ್ಯ.

1789ರ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಮೇಲೆ ನಡೆಸಿದ ದಾಳಿ ಯುದ್ಧಕ್ಕೆ ನೆಪವಾಯಿತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದನು. ಅವನ ಮಿತ್ರರಲ್ಲಿ ಹೈದರಾಬಾದಿನ ನಿಜಾಮನೂ ಒಬ್ಬ. ಮುಸಲ್ಮಾನ ಅರಸರ ಸ್ವಭಾವವೇ ಕೆಟ್ಟದ್ದಾದರೆ ನಿಜಾಮನೊಡನೆ ಸ್ನೇಹವೇಕೆ? 1792ರ ಸಂಧಿಯಲ್ಲಿ ಕಂಪನಿ ಮತ್ತು ಮಿತ್ರರು ಪಡೆದುದು ಮೈಸೂರಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಎಳೆಯ ರಾಜಕುಮಾರರು.

ಅದೇ 1791ರಲ್ಲಿ ಶೃಂಗೇರಿ ಮಠವನ್ನು ಸೂರೆಗೊಂಡದ್ದು ಪರಶುರಾಮ ಭಾವುವಿನ ಮರಾಠಾ ದಂಡು. ಅದೂ ಕಂಪನಿಯ ಮಿತ್ರಪಕ್ಷವೇ. ದೇವಿಯ ಪುನಃಪ್ರತಿಷ್ಠೆಗೆ ಹಣ ಕೊಡಿಸಿದವನು ಟಿಪ್ಪು. ಆ ಪತ್ರಗಳು ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ದೊರೆತದ್ದು 1916ರಲ್ಲಿ. ಹಾಗೆಂದು ಕೊಡವರು, ಮಂಗಳೂರಿನ ಕ್ರೈಸ್ತರು ಅನುಭವಿಸಿದ ಸೆರೆಯನ್ನೂ ಬಲವಂತದ ಮತಾಂತರವನ್ನೂ ಮರೆಮಾಚಲಾಗದು. ಹಿಂಸೆ ಯಾರದಾದರೂ ಹಿಂಸೆಯೇ. ಒಬ್ಬ ದೊರೆಯ ಕೃತ್ಯವನ್ನು ಒಂದು ಮತದ ಗುಣವೆಂದು ಬರೆದದ್ದು ಮಾತ್ರ ಬೇರೆಯೇ ವ್ಯವಹಾರ.

1799ರ ಮೇ 4ರಂದು ಟಿಪ್ಪು ಮಡಿದನು. ಬಿಳಿಯನೊಬ್ಬನ ಮೇಲೆರಗಿದ ಮರದ ಹುಲಿಯೊಂದು ಅರಮನೆಯಲ್ಲಿ ಸಿಕ್ಕಿತು. ಅದನ್ನು ಲಂಡನ್ನಿಗೊಯ್ದು ಸಾರ್ವಜನಿಕರಿಗೆ ತೋರಿಸಿದರು. 1811ರಲ್ಲಿ ಕರ್ಕ್‌ಪ್ಯಾಟ್ರಿಕನು ಸುಲ್ತಾನನ ಆಯ್ದ ಪತ್ರಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ, ಮುನ್ನುಡಿಯಲ್ಲಿ ಅವನನ್ನು ಮತಾಂಧನೆಂದೇ ಚಿತ್ರಿಸಿದನು. ಆ ಮತಾಂಧನ ಆಡಳಿತದಲ್ಲಿ ಹಣಕಾಸು ನೋಡುತ್ತಿದ್ದವರು ಬ್ರಾಹ್ಮಣರಾದ ಪೂರ್ಣಯ್ಯನವರು. ಯುದ್ಧ ಮುಗಿದ ಮೇಲೆ ಮೈಸೂರಿನ ದಿವಾನಗಿರಿಗೆ ಕಂಪನಿಯವರು ಆರಿಸಿಕೊಂಡದ್ದೂ ಅವರನ್ನೇ.