ಒಳಪೆಡಲ್ ಮತ್ತು ಗುಡ್ಡದ ದಾರಿ

ನಾನು ಸೈಕಲ್ ಕಲಿತದ್ದು ಅಣ್ಣನ ದೊಡ್ಡ ಸೈಕಲ್ಲಿನಲ್ಲಿ, ಒಳಪೆಡಲ್ ತುಳಿದು, ಲಂಗ ಚೈನಿಗೆ ಸಿಕ್ಕಿಸಿಕೊಂಡು. ಇಳಿಜಾರು ಬಂತೆಂದರೆ ಹೆದರಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಅದಕ್ಕೇ ಇರಬೇಕು, ಬೆಟ್ಟದ ಸೈಕಲ್ಲಿನ ಚರಿತ್ರೆ ಓದುವಾಗ ಅಲ್ಲಿ ಹೆಂಗಸರಿದ್ದರೇ ಎಂದು ಮೊದಲು ಹುಡುಕಿದೆ.

ಅದು ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಪಕ್ಕದ ಗುಡ್ಡ. ಕಾಡುಕಿಚ್ಚು ಆರಿಸುವ ವಾಹನಗಳಿಗೆಂದು ಕಡಿದ ಮಣ್ಣುದಾರಿ. 1976ರ ಅಕ್ಟೋಬರಿನಲ್ಲಿ ಕೆಲವು ಗೆಳೆಯರು, ಗುಜರಿಗೆ ಸೇರಬೇಕಾಗಿದ್ದ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಅಲ್ಲಿ ಇಳಿಯುವ ಪಂದ್ಯ ಹೂಡಿದರು. ಒಂದೊಂದೂ 20 ಕಿಲೋ ಆಸುಪಾಸು! ಮೂರು ಕಿಲೋಮೀಟರಿಗೆ ತುಸು ಹೆಚ್ಚು ದೂರ, ಸುಮಾರು 400 ಮೀಟರ್ ಇಳಿತ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಕೆಳಗೆ ತಲುಪುವಷ್ಟರಲ್ಲಿ ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು. ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಹಾಗೆ.

ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಎಂದು ಎಲ್ಲೆಲ್ಲೂ ಗಂಡಸರ ಹೆಸರೇ. ಆದರೆ ಆ ದಿನಗಳ ಫೋಟೋಗಳನ್ನು ನೋಡಿ: ಧೂಳು, ಜೀನ್ಸ್, ತಿರುವಿನಲ್ಲಿ ವಾಲಿದ ಮೈ. ಅವುಗಳಲ್ಲಿ ಎಷ್ಟೋ ವೆಂಡಿ ಕ್ರ್ಯಾಗ್ ಎಂಬಾಕೆ ತೆಗೆದವು. ಕ್ಯಾಮೆರಾ ಹಿಡಿದು ನಿಂತದ್ದಷ್ಟೇ ಅಲ್ಲ, ಆಕೆಯೂ ಅಂಥದೇ ಭಾರದ ಸೈಕಲ್ ಏರಿ ಅದೇ ಇಳಿಜಾರು ಇಳಿದವರು. ರೀಪ್ಯಾಕಿನಲ್ಲಿ ಹೆಂಗಸರ ದಾಖಲೆ ಅವರದೇ. ಮದುವೆಯ ಆಲ್ಬಮ್ಮಿನಲ್ಲಿ ಫೋಟೋ ತೆಗೆದವರು ಕಾಣುವುದಿಲ್ಲವಲ್ಲ, ಹಾಗಾಗಿದೆ.

ಆಮೇಲೆ, 80ರ ದಶಕದಲ್ಲಿ, ಜಾಕಿ ಫೆಲನ್ ಎಂಬ ಪಂದ್ಯಗಾರ್ತಿ ಹೆಂಗಸರಿಗಾಗಿಯೇ ಬೆಟ್ಟದ ಸೈಕಲ್ ಸಂಘ ಕಟ್ಟಿದರು. ಅದರ ಹೆಸರಿನಲ್ಲೇ ‘ಟೀ’ ಇತ್ತು. (ನನಗೆ ಬಲು ಹಿಡಿಸಿತು.)

ನಾನು ಒಳಪೆಡಲ್ ತುಳಿಯುವ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಅದೇ ಸೈಕಲ್ಲಿನ ಮೇಲೆ ಅಣ್ಣನವು ಮೂರಿವೆ.