ದಡ ಕಾಣದ ದಿನ

ವಿಹಾರ ನೌಕೆಯ ಪ್ರವಾಸಕ್ಕೆ ಹಣ ಕಟ್ಟಿದವರಿಗೆ ಒಂದು ಕಾರ್ಯಕ್ರಮಪಟ್ಟಿ ಕೊಡುತ್ತಾರೆ. ಯಾವ ದಿನ ಯಾವ ಬಂದರು, ಎಷ್ಟು ಗಂಟೆಗೆ ಇಳಿಯಬಹುದು, ಎಷ್ಟರೊಳಗೆ ಮತ್ತೆ ಹತ್ತಬೇಕು ಎಂಬ ವಿವರವೆಲ್ಲ ಅದರಲ್ಲಿರುತ್ತದೆ. ನಡುವೆ ಒಂದು ದಿನದ ಮುಂದೆ ಮಾತ್ರ ಊರಿನ ಹೆಸರೇ ಇರುವುದಿಲ್ಲ. ‘ಸಮುದ್ರದಲ್ಲಿ’ ಎಂದಷ್ಟೇ ಬರೆದಿರುತ್ತದೆ. ಅಂದು ಹಡಗು ಎಲ್ಲಿಯೂ ನಿಲ್ಲುವುದಿಲ್ಲ. ನೋಡಲು ಗುಡಿಯಿಲ್ಲ, ಕೋಟೆಯಿಲ್ಲ. ಕೆಳಗೆ ನೀರು, ಮೇಲೆ ಆಕಾಶ, ಅಷ್ಟೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದ ನನಗೆ, ಆ ಖಾಲಿ ದಿನದ ಹಿಂದಿರುವ ಕತೆ ಊರು ಕೇರಿಗಳ ಕತೆಗಿಂತ ದೊಡ್ಡದೆಂದು ತೋರಿತು.

ಯೋಚಿಸಿ ನೋಡಿ. ಸಾವಿರಾರು ವರ್ಷ ಮನುಷ್ಯ ಸಮುದ್ರಕ್ಕೆ ಇಳಿದದ್ದು ಏನಾದರೊಂದು ಕೆಲಸಕ್ಕಾಗಿ. ಮೀನಿಗೆ, ಮೆಣಸಿಗೆ, ಕುದುರೆಗೆ, ಯುದ್ಧಕ್ಕೆ, ಹಜ್ ಯಾತ್ರೆಗೆ. ಸುಮ್ಮನೆ ಹೋಗಿ ಸುಮ್ಮನೆ ಬರಲು ದುಡ್ಡು ಕೊಟ್ಟು ಹಡಗು ಹತ್ತುವ ಪದ್ಧತಿಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. 1844ರಲ್ಲಿ ಇಂಗ್ಲೆಂಡಿನ ಪಿ ಅಂಡ್ ಓ ಕಂಪನಿ ತನ್ನ ಉಗಿಹಡಗುಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಪ್ರವಾಸವನ್ನು ಏರ್ಪಡಿಸಿತು. ಪ್ರಚಾರವಾಗಲೆಂದು ಥ್ಯಾಕರೆ ಎಂಬ ಲೇಖಕನಿಗೆ ಪುಕ್ಕಟೆ ಟಿಕೆಟ್ಟನ್ನೂ ಕೊಟ್ಟಿತು. ಆತ 1846ರಲ್ಲಿ ಆ ಪ್ರವಾಸದ ಪುಸ್ತಕ ಬರೆದು ಋಣ ತೀರಿಸಿದ.

ಆಮೇಲೆ ಬಂದವನು ಜರ್ಮನಿಯ ಆಲ್ಬರ್ಟ್ ಬಾಲಿನ್. ಹ್ಯಾಂಬರ್ಗ್-ಅಮೆರಿಕ ಹಡಗು ಕಂಪನಿಯವನು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಪ್ರಯಾಣಿಕರು ಕಡಿಮೆಯಾಗಿ ದೊಡ್ಡ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ನಿಂತ ಹಡಗಿಗೂ ಖರ್ಚು ತಪ್ಪದು. 1891ರ ಜನವರಿಯಲ್ಲಿ ‘ಆಗಸ್ಟ ವಿಕ್ಟೋರಿಯ’ ಎಂಬ ಹಡಗಿಗೆ 241 ಜನರನ್ನು ಹತ್ತಿಸಿಕೊಂಡು ಆತ ಸುಮಾರು ಎರಡು ತಿಂಗಳು ಮೆಡಿಟರೇನಿಯನ್ ಸುತ್ತಿಸಿ ತಂದ. ಲಾಭ ಕಂಡಿತು. 1900ರಲ್ಲಿ ವಿಹಾರಕ್ಕೆಂದೇ ಕಟ್ಟಿಸಿದ ‘ಪ್ರಿನ್ಸೆಸಿನ್ ವಿಕ್ಟೋರಿಯ ಲೂಯಿಸ್’ ನೀರಿಗಿಳಿಯಿತು. ಆರೇ ವರ್ಷಕ್ಕೆ, 1906ರ ಡಿಸೆಂಬರಿನಲ್ಲಿ, ಅದು ಜಮೈಕದ ಕರಾವಳಿಯಲ್ಲಿ ನೆಲಕ್ಕೆ ಬಡಿದು ಹಾಳಾಯಿತು. ಆದರೆ ಹಡಗೇ ಒಂದು ಊರು, ಪ್ರಯಾಣವೇ ಒಂದು ರಜೆ ಎಂಬ ಯೋಚನೆ ಮುಳುಗಲಿಲ್ಲ.

ಅದಕ್ಕೆ ನಿಜವಾದ ತಿರುವು ಕೊಟ್ಟದ್ದು ವಿಮಾನ. 1958ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಬೋಯಿಂಗ್ 707 ಜೆಟ್ ವಿಮಾನಗಳು ಹಾರಲಾರಂಭಿಸಿದವು. ಹಡಗಿನಲ್ಲಿ ಐದಾರು ದಿನದ ದಾರಿ ಕೆಲವು ಗಂಟೆಗಳಿಗೆ ಇಳಿಯಿತು. ದೊಡ್ಡ ದೊಡ್ಡ ಹಡಗುಗಳು ಕೆಲಸ ಕಳೆದುಕೊಂಡವು. 315 ಮೀಟರ್ ಉದ್ದದ ‘ಫ್ರಾನ್ಸ್’ ಎಂಬ ಹಡಗು 1962ರಲ್ಲಿ ಸಡಗರದಿಂದ ಹೊರಟದ್ದು 1974ರಲ್ಲಿ ಮೂಲೆ ಸೇರಿತು. 1980ರಲ್ಲಿ ‘ನಾರ್ವೆ’ ಎಂದು ಹೆಸರು ಬದಲಿಸಿಕೊಂಡು ವಿಹಾರ ನೌಕೆಯಾಯಿತು. ಕೊನೆಗೆ 2006ರಲ್ಲಿ ನಮ್ಮ ಗುಜರಾತಿನ ಅಲಂಗ್ ತೀರಕ್ಕೆ ಒಡೆಯಲು ಬಂತು. ಫ್ರಾನ್ಸಿನ ಹೆಮ್ಮೆಯ ಹಡಗು ನಮ್ಮ ಕೂಲಿಕಾರರ ಕೈಯಲ್ಲಿ ಗುಜರಿಯಾಯಿತು.

ನಾನು ಇಂಥದೊಂದು ದಿನವನ್ನು ಕಂಡದ್ದು ಮುಂಬೈಯಿಂದ ಕೊಚ್ಚಿಗೆ ಹೋಗುವ ಹಡಗಿನಲ್ಲಿ. ಮಗಳು ಟಿಕೆಟ್ ತೆಗೆದುಕೊಟ್ಟಳು. ನಮ್ಮವರು, ನಾನು, ಜೊತೆಗೆ ನನ್ನ ನಾದಿನಿ. ಹೊರಡುವ ಮೊದಲೇ ಎಲ್ಲರನ್ನೂ ಸೇರಿಸಿ, ಅಪಾಯವಾದರೆ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂದು ತೋರಿಸಿದರು. ಇದು ಬರಿಯ ಉಪಚಾರವಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ದೇಶಗಳು ಕೂಡಿ ಹಡಗುಗಳ ಸುರಕ್ಷತೆಗೆ ಒಪ್ಪಂದ ಮಾಡಿಕೊಂಡವು. 2012ರ ಜನವರಿ 13ರಂದು ಇಟಲಿಯಲ್ಲಿ ‘ಕೋಸ್ಟಾ ಕಾನ್ಕಾರ್ಡಿಯ’ ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ದಿನ ಹತ್ತಿದವರಿಗೆ ಈ ಪಾಠ ಇನ್ನೂ ಆಗಿರಲಿಲ್ಲ. ಮೊದಲು ಹೊರಟ 24 ಗಂಟೆಯೊಳಗೆ ಮಾಡಿದರೆ ಸಾಕೆಂದಿದ್ದ ನಿಯಮವನ್ನು ಆಮೇಲೆ ತಿದ್ದಿ, ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಎಂದು ಮಾಡಿದರು. ಎಷ್ಟೋ ಕಾನೂನುಗಳನ್ನು ಬರೆಸುವವರು ಸತ್ತವರೇ.

ಮರುದಿನ ಬೆಳಿಗ್ಗೆ ಕಾಫಿಯಾಯಿತು. ನನ್ನ ನಾದಿನಿ ಮೇಲಿನ ಅಂಕಣದಲ್ಲಿ ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು:

“ಅತ್ತಿಗೆ, ಈಗ ಏನು ಮಾಡೋದು?”

“ಏನೂ ಮಾಡೋದು ಬೇಡ.”

“ತಿಂಡಿ?”

“ಅವರೇ ಕೊಡ್ತಾರೆ.”

“ಮಧ್ಯಾಹ್ನಕ್ಕೆ?”

“ಅದೂ ಅವರೇ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಕೈ ಎಲ್ಲಿಟ್ಟುಕೊಳ್ಳೋದು ಅಂತ ಗೊತ್ತಾಗ್ತಾ ಇಲ್ಲ” ಎಂದಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಮಾತು ಅದು. ತವರಿಗೆ ಹೋದರೂ ತರಕಾರಿ ಹೆಚ್ಚುವವಳು, ತೀರ್ಥಯಾತ್ರೆಗೆ ಹೋದರೂ ಒಲೆ ಹೂಡುವವಳು. ಓದುವ ನಿಮಗೂ ಇದು ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ನಮಗೆ ರಜೆಯೆಂದರೆ ಊರು ಬದಲಾಗುವುದೇ ಹೊರತು ಕೆಲಸ ಬದಲಾಗುವುದಲ್ಲ.

ಕಣ್ಣಿಗೆ ಎಷ್ಟು ದೂರದ ನೀರು ಕಾಣುತ್ತದೆಂದು ಅವಳು ಕೇಳಿದಾಗ ಲೆಕ್ಕ ಹೇಳಿದೆ. ನಾವು ನಿಂತ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಅಂಕಣ 25 ಮೀಟರ್ ಎತ್ತರದಲ್ಲಿದ್ದರೆ ಸುಮಾರು 18 ಕಿಲೋಮೀಟರ್. ಅಷ್ಟೆಲ್ಲ ನೀರು ನೋಡಿದರೂ ಸಮುದ್ರದ ಅಂಚನ್ನಷ್ಟೇ ನೋಡಿದಂತಾಯಿತು.

ಕೋಣೆಯ ಟೀವಿಯಲ್ಲಿ ಹಡಗು ಎಲ್ಲಿದೆಯೆಂದು ತೋರಿಸುವ ನಕ್ಷೆಯಿತ್ತು. ನೋಡಿದರೆ ಎಡಗಡೆ ನಮ್ಮದೇ ಕರಾವಳಿ. ಕಾರವಾರ, ಹೊನ್ನಾವರ, ಮಲ್ಪೆ, ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ಕಣ್ಣಿಗೆ ಮಾತ್ರ ಒಂದು ತೆಂಗಿನ ಗರಿಯೂ ಕಾಣದು. ಆ ಕಾಣದ ದಡದ ಹಿಂದೆ ಕಾರ್ಕಳ, ಅದರಾಚೆ ಘಟ್ಟದ ಅಡಿಯಲ್ಲಿ ಮಾಳ. ಅಲ್ಲಿನ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲಿನಲ್ಲಿ ಹುಟ್ಟಿದವಳು ಪಂಡಿತಾ ರಮಾಬಾಯಿ. ಹೆಂಡತಿಗೆ ಸಂಸ್ಕೃತ ಕಲಿಸಿದನೆಂದು ಜನರ ನಿಷ್ಠುರ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಗಂಡ ತೀರಿಕೊಂಡ ಮರುವರ್ಷ, 1883ರಲ್ಲಿ, ಎರಡು ವರ್ಷದ ಮಗಳು ಮನೋರಮೆಯನ್ನು ಕಟ್ಟಿಕೊಂಡು ಇಂಗ್ಲೆಂಡಿನ ಹಡಗು ಹತ್ತಿದಳು. ದಾರಿಯ ಖರ್ಚಿಗೆ ಆಸರೆಯಾದದ್ದು ಆಕೆ ಬರೆದ ‘ಸ್ತ್ರೀಧರ್ಮ ನೀತಿ’ ಎಂಬ ಪುಸ್ತಕದ ಮಾರಾಟದ ಹಣ.

ಅದೇ 1883ರಲ್ಲಿ ಇನ್ನೊಬ್ಬ ಹುಡುಗಿ ಕಲ್ಕತ್ತೆಯಿಂದ ಅಮೆರಿಕಕ್ಕೆ ಹೊರಟಳು. ಆನಂದಿಬಾಯಿ ಜೋಶಿ. ವಯಸ್ಸು ಹದಿನೆಂಟು. ಗಂಡ ಗೋಪಾಲರಾಯರು ಅಂಚೆ ಇಲಾಖೆಯ ನೌಕರರು. ಹದಿನಾಲ್ಕರಲ್ಲಿ ಹಡೆದ ಕೂಸು ವೈದ್ಯವಿಲ್ಲದೆ ಹತ್ತು ದಿನಕ್ಕೆ ತೀರಿಕೊಂಡಾಗ, ತಾನು ಡಾಕ್ಟರಾಗಬೇಕೆಂದು ನಿಶ್ಚಯಿಸಿದವಳು. ಹೊರಡುವ ಮುನ್ನ ಸೇರಾಂಪುರದ ಕಾಲೇಜಿನಲ್ಲಿ ಸಭೆಯ ಮುಂದೆ ನಿಂತು, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಬರುತ್ತೇನೆ ಎಂಬರ್ಥದ ಮಾತನಾಡಿದಳು. ಯಾಕೆ ಹೇಳಬೇಕಾಯಿತು? ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಮಾತು ಬೌಧಾಯನ ಧರ್ಮಸೂತ್ರದಷ್ಟು ಹಳೆಯದು. ಐದು ವರ್ಷದ ಮೇಲೆ, 1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ ಹೊರಟ ಗಾಂಧೀಜಿಯವರನ್ನೂ ಅವರ ಜಾತಿಯವರು ಹೊರಗಿಟ್ಟರು. ಹಡಗಿನಲ್ಲಿ ಚಮಚ ಮುಳ್ಳುಗಳ ಮುಜುಗರಕ್ಕೆ ಗಾಂಧೀಜಿ ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲೇ ತಿನ್ನುತ್ತಿದ್ದರಂತೆ. ಇದನ್ನು ಹೇಳಿದ ಮೇಲೆ ನನ್ನ ನಾದಿನಿ ಚೀಲದಲ್ಲಿದ್ದ ಕೋಡುಬಳೆ ಡಬ್ಬಿಯನ್ನು ಧೈರ್ಯವಾಗಿ ತೆಗೆದಳು.

ಗಂಡಸಿಗೆ ಪ್ರಾಯಶ್ಚಿತ್ತದ ದಾರಿಯಾದರೂ ಇತ್ತು. ಒಂಟಿ ಹೆಂಗಸು ವಾರಗಟ್ಟಲೆ ದಡ ಕಾಣದೆ ಪರದೇಶಿಗಳ ನಡುವೆ ಇದ್ದು ಬಂದಳೆಂದರೆ ಬಾಯಿಗಳನ್ನು ಮುಚ್ಚಿಸುವವರು ಯಾರು? ಆನಂದಿಬಾಯಿಯ ಪ್ರಯಾಣ ಏಪ್ರಿಲಿನಿಂದ ಜೂನ್‌ವರೆಗೆ ನಡೆಯಿತು. ಎಷ್ಟು ‘ಸಮುದ್ರದಲ್ಲಿ’ ದಿನಗಳು, ಲೆಕ್ಕ ಹಾಕಿ. ಅವಳಿಗೆ ಅವು ರಜೆಯಲ್ಲ. ಆದರೆ ಅತ್ತೆಮನೆ ತವರುಮನೆ ಎರಡೂ ಇಲ್ಲದ, ಬಾವಿಕಟ್ಟೆಯ ಮಾತು ಕಿವಿಗೆ ಬೀಳದ ದಿನಗಳು.

ಇದೇ ಸಮುದ್ರದಲ್ಲಿ ಬೇರೆ ಹೆಂಗಸರೂ ಹೋದರು. 1834ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಮಾರಿಷಸ್, ಟ್ರಿನಿಡಾಡ್, ನಟಾಲ್, ಫಿಜಿಗಳ ಕಬ್ಬಿನ ತೋಟಗಳಿಗೆ ಸಾಗಿದರು. ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂದು ಸರ್ಕಾರದ ನಿಯಮವಿತ್ತು. ಆ ಸಂಖ್ಯೆ ತುಂಬಿದವರಲ್ಲಿ ವಿಧವೆಯರು, ಗಂಡ ಬಿಟ್ಟವರು, ಬರಗಾಲಕ್ಕೆ ಮನೆ ಬಿಟ್ಟವರು ಬಹಳ. ಹಾಯಿಹಡಗಿನ ಹೊಟ್ಟೆಯಲ್ಲಿ ವೆಸ್ಟ್ ಇಂಡೀಸಿಗೆ ಮೂರು ತಿಂಗಳ ದಾರಿ. ಅಲ್ಲಿ ಯಾರ ಜಾತಿಯೂ ಉಳಿಯಲಿಲ್ಲ, ಅದರ ಬದಲು ‘ಜಹಾಜಿ ಬಹನ್’ ಎಂಬ ಹೊಸ ನೆಂಟಸ್ತಿಕೆ ಹುಟ್ಟಿತು. ಒಂದೇ ಹಡಗಿನಲ್ಲಿ ಬಂದವಳು ಒಡಹುಟ್ಟಿದವಳಂತೆ. ಅವರಲ್ಲಿ ಎಷ್ಟೋ ಜನ ಮತ್ತೆ ತಮ್ಮ ಊರು ನೋಡಲಿಲ್ಲ.

ಮಧ್ಯಾಹ್ನ ನಮ್ಮ ತಟ್ಟೆಗಳನ್ನು ತೆಗೆಯಲು ಬಂದ ಹುಡುಗ ನಮ್ಮ ಕನ್ನಡ ಕೇಳಿ ಕನ್ನಡದಲ್ಲೇ ಮಾತನಾಡಿದ. ಬಂಟ್ವಾಳದ ಕಡೆಯವನು. ಹಡಗು ಹತ್ತಿ ಐದು ತಿಂಗಳಾಗಿತ್ತು. “ಮೇಡಂ, ಸೀ ಡೇ ಅಂದರೆ ನಿಮಗೆ ರಜೆ. ನಮಗೆ ಅವತ್ತೇ ಕೆಲಸ ಜಾಸ್ತಿ. ಯಾರೂ ಕೆಳಗೆ ಇಳಿಯುವುದಿಲ್ಲ ಅಲ್ವಾ?” ಎಂದು ನಕ್ಕ. ಊಟದ ಮೇಜು ಮೂರು ಹೊತ್ತೂ ತುಂಬಿರುತ್ತದೆ. ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ, ಬಟ್ಟೆ ಒಗೆಯುವ ಯಂತ್ರ ನಿಲ್ಲುವಂತಿಲ್ಲ. ಪಿ ಅಂಡ್ ಓ ಹಡಗುಗಳ ಕಾಲದಲ್ಲೂ ಕಲ್ಲಿದ್ದಲು ಎರಚಿದವರು, ಅಡಿಗೆ ಮಾಡಿದವರು ನಮ್ಮ ದೇಶದ ‘ಲಸ್ಕರ’ರು, ಗೋವೆಯವರು. ನಾವು ಒಲೆ ಬಿಟ್ಟು ಬಂದರೆ ಒಲೆ ಆರುವುದಿಲ್ಲ, ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ನನ್ನ ನಾದಿನಿ ಅವನ ಕೈಗೂ ಎರಡು ಕೋಡುಬಳೆ ಹಾಕಿದಳು. ಅವನು ಅಲ್ಲಿ ತಿನ್ನುವಂತಿಲ್ಲವೆಂದು ಹೇಳಿ, ಕಾಗದದ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ರಮಾಬಾಯಿ ಮತ್ತು ಆನಂದಿಬಾಯಿಯ ಕತೆಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. 1886ರ ಮಾರ್ಚ್ 11ರಂದು ಫಿಲಡೆಲ್ಫಿಯದಲ್ಲಿ ಆನಂದಿಬಾಯಿ ವೈದ್ಯಕೀಯ ಪದವಿ ಪಡೆದಳು. ಅದನ್ನು ಕಣ್ಣಾರೆ ನೋಡಲು ರಮಾಬಾಯಿ ಇಂಗ್ಲೆಂಡಿನಿಂದ ಅಟ್ಲಾಂಟಿಕ್ ದಾಟಿ ಹೋದಳು. ಮೂರು ವರ್ಷದ ಹಿಂದೆ ಬೇರೆ ಬೇರೆ ಹಡಗು ಹತ್ತಿದ ಇಬ್ಬರು ಒಂದೇ ಸಭಾಂಗಣದಲ್ಲಿ ಕೂತರು. ರಮಾಬಾಯಿ ಆಮೇಲೆ ಪೆಸಿಫಿಕ್ ಸಾಗರವನ್ನೂ ದಾಟಿ, ಜಪಾನಿನ ಮಾರ್ಗವಾಗಿ 1889ರಲ್ಲಿ ಮುಂಬೈಗೆ ಮರಳಿದಳು. ಅದೇ ಮಾರ್ಚ್ 11ರಂದು ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಳು. ತನ್ನ ಅಮೆರಿಕ ಪ್ರವಾಸದ ಕತೆಯನ್ನು ಮರಾಠಿಯಲ್ಲಿ ಬರೆದು ಆ ವರ್ಷವೇ ಪ್ರಕಟಿಸಿದಳು.

ಆನಂದಿಬಾಯಿಗೆ ಅಷ್ಟು ಆಯುಸ್ಸಿರಲಿಲ್ಲ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗ ಅವಳಿಗಾಗಿ ಕಾದಿತ್ತು. ಕ್ಷಯ ಹಿಡಿದು ಬಂದವಳು ಆ ಕೆಲಸಕ್ಕೆ ಸೇರದೆಯೇ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡು ತುಂಬಿರಲಿಲ್ಲ. ಅವಳ ಚಿತಾಭಸ್ಮವನ್ನು ಅಮೆರಿಕದಲ್ಲಿ ಅವಳಿಗೆ ತಾಯಿಯಂತೆ ಆಶ್ರಯ ಕೊಟ್ಟ ಕಾರ್ಪೆಂಟರ್ ಎಂಬ ಹೆಂಗಸಿಗೆ ಕಳಿಸಿದರು. ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಆ ಮನೆಯವರ ಸಮಾಧಿಗಳ ಜೊತೆಗೇ ಇಟ್ಟಿದ್ದಾರೆ. ಹಾಗೆ ಅವಳು ಇನ್ನೊಮ್ಮೆ ಸಮುದ್ರ ದಾಟಿದಳು. ಈ ಸಲ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.